ಸುಮ್ಮನಿರುವ ಯಂತ್ರವನ್ನು ನಂಬುವುದು ಹೇಗೆ?

1998ರ ಮೇ 19ರ ಸಂಜೆ ಅಮೆರಿಕದಲ್ಲಿ ಕೋಟ್ಯಂತರ ಪೇಜರ್‌ಗಳು ಒಮ್ಮೆಗೇ ಸುಮ್ಮನಾದವು. ದೇಶದಲ್ಲಿದ್ದ ಪೇಜರ್‌ಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಎಂಬುದು ಆಗಿನ ಅಂದಾಜು. ಮೊಬೈಲ್ ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ ಅದು. ಮನೆಗೆ ಹೋದ ಡಾಕ್ಟರನ್ನು ಆಸ್ಪತ್ರೆಗೆ ಮರಳಿ ಕರೆಸಬೇಕೆಂದರೆ ಅವರ ಸೊಂಟದಲ್ಲಿದ್ದ ಆ ಪುಟ್ಟ ಡಬ್ಬಿಯೇ ಗತಿ. ತಮಾಷೆಯೆಂದರೆ, ಡಬ್ಬಿ ಕೈಕೊಟ್ಟಿದೆ ಎನ್ನುವುದು ಅದನ್ನು ಕಟ್ಟಿಕೊಂಡವರಿಗೆ ತಿಳಿಯುವ ಹಾಗೇ ಇರಲಿಲ್ಲ. ಯಾರೂ ಕರೆಯದಿದ್ದಾಗಲೂ ಪೇಜರ್ ಸುಮ್ಮನಿರುತ್ತದೆ, ಕರೆ ತಲುಪದಿದ್ದಾಗಲೂ ಸುಮ್ಮನಿರುತ್ತದೆ. ‘ಇವತ್ತು ಯಾರಿಂದಲೂ ಕಾಟವಿಲ್ಲ’ ಎಂದು ಎಷ್ಟು ಡಾಕ್ಟರುಗಳು ಆ ರಾತ್ರಿ ನೆಮ್ಮದಿಯಾಗಿ ಊಟಕ್ಕೆ ಕುಳಿತಿರಬಹುದು!

ಆದದ್ದು ಇಷ್ಟು. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಗ್ಯಾಲಕ್ಸಿ-4 ಎಂಬ ಉಪಗ್ರಹವಿತ್ತು. ಪೇಜರ್ ಕಂಪನಿಗಳ ಸಂದೇಶಗಳು ಅದರ ಮೂಲಕವೇ ಊರೂರಿನ ಗೋಪುರಗಳಿಗೆ ಇಳಿಯುತ್ತಿದ್ದವು. ರೇಡಿಯೊ, ಟಿವಿ ಕಾರ್ಯಕ್ರಮಗಳೂ ಹಾಗೆಯೇ. ಉಪಗ್ರಹ ಸದಾ ಭೂಮಿಗೆ ಮುಖ ಮಾಡಿ ನಿಲ್ಲುವಂತೆ ನೋಡಿಕೊಳ್ಳುತ್ತಿದ್ದ ನಿಯಂತ್ರಣ ಕಂಪ್ಯೂಟರ್ ಆ ಸಂಜೆ ಸತ್ತಿತು. ಅದಕ್ಕೆಂದೇ ಪಕ್ಕದಲ್ಲಿ ಇನ್ನೊಂದು ಕಂಪ್ಯೂಟರ್ ಇಟ್ಟಿದ್ದರು. ಮೊದಲನೆಯದು ಬಿದ್ದರೆ ಎರಡನೆಯದು ಹೆಗಲು ಕೊಡಬೇಕು. ಆದರೆ ಆ ಎರಡನೆಯದು ಮೊದಲೇ ಕೆಟ್ಟಿತ್ತು. ದಿನನಿತ್ಯದ ಕೆಲಸದಲ್ಲಿ ಅದು ಯಾರ ಗಮನಕ್ಕೂ ಬಂದಿರಲಿಲ್ಲ. ಮೊದಲ ಕಂಪ್ಯೂಟರಿನ ಸಾವಿಗೆ ಕಾರಣ ಹುಡುಕಿದವರು, ರಿಲೇಯ ತವರದ ಲೇಪದಿಂದ ಕೂದಲಿನಂತೆ ಬೆಳೆದ ಎಳೆಗಳು ಶಾರ್ಟ್ ಸರ್ಕಿಟ್ ಮಾಡಿದವು ಎಂಬಲ್ಲಿಗೆ ಬಂದು ನಿಂತರು. ಅದು ಲೋಹಶಾಸ್ತ್ರದ ಕಥೆ, ಇವತ್ತು ನನಗೆ ಬೇಕಾದದ್ದಲ್ಲ. ನನ್ನನ್ನು ಕಾಡುವುದು ಎರಡನೆಯ ಕಂಪ್ಯೂಟರ್. ಅದು ಕೆಟ್ಟಾಗ ಯಾವ ಗಂಟೆಯೂ ಬಾರಿಸಲಿಲ್ಲ. ಯಾರಿಗೂ ಏನೂ ತೊಂದರೆಯಾಗಿರಲಿಲ್ಲವಲ್ಲ!

ಅನುವಾದ ನನ್ನ ಕಸುಬು. ಕಥೆ ಕಾದಂಬರಿಗಳು ಸಿಕ್ಕಾಗ ಹಬ್ಬ. ಮನೆ ನಡೆಯುವುದು ಯಂತ್ರಗಳ ಕೈಪಿಡಿಗಳಿಂದ. ಅವುಗಳಲ್ಲಿ ಎಲ್ಲರೂ ಹಾರಿಸಿ ಓದುವ ಅಧ್ಯಾಯ ಒಂದಿರುತ್ತದೆ: ಫಾಲ್ಟ್ ಅಲಾರಂಗಳನ್ನು ಹೊಂದಿಸುವ ಬಗೆ. ಯಾವ ದೋಷ ಕಂಡಾಗ ಕೆಂಪು ದೀಪ, ಯಾವುದಕ್ಕೆ ಹಳದಿ, ಯಾವುದನ್ನು ಕಂಡರೂ ಕಾಣದಂತಿರಬೇಕು, ಎಷ್ಟು ಸೆಕೆಂಡ್ ಕಾದು ಕೂಗಬೇಕು. ಪಟ್ಟಿಯ ಮೇಲೆ ಪಟ್ಟಿ. ಭಾಷೆ ಒಣಕಲು. ಆದರೆ ಆ ಪಟ್ಟಿಗಳ ಹಿಂದೆ ನೂರೈವತ್ತು ವರ್ಷಕ್ಕೂ ಹಳೆಯ ಜಗಳವೊಂದಿದೆ. ಯಂತ್ರ ಸುಮ್ಮನಿದ್ದರೆ ಅದಕ್ಕೆ ಏನರ್ಥ ಎಂಬ ಜಗಳ.

ಮೊದಲು ಪದದಿಂದಲೇ ಶುರುಮಾಡುತ್ತೇನೆ, ಚಾಳಿ ಬಿಡದು. ‘ಅಲಾರಂ’ ಎಂದರೆ ನಮಗೆ ಬೆಳಗಿನ ಜಾವ ಎಬ್ಬಿಸುವ ಗಡಿಯಾರ. ಮೂಲದಲ್ಲಿ ಅದು ಇಟಲಿಯ ಕಾವಲುಗಾರನ ಕೂಗು: ‘ಅಲ್ಲಾರ್ಮೆ’, ಅಂದರೆ ‘ಆಯುಧ ಹಿಡಿಯಿರಿ’. ಬರೀ ಕೂಗಲ್ಲ, ಕೇಳಿದವನು ಮಾಡಬೇಕಾದ ಕೆಲಸವೂ ಪದದೊಳಗೇ ಇದೆ. ನಮ್ಮಲ್ಲೂ ಇಂಥದ್ದೊಂದು ಪದವಿತ್ತು. ಹಳಗನ್ನಡದ ‘ಪುಯ್ಯಲ್’ ಎಂದರೆ ಮೊರೆ, ಆರ್ತರ ಕೂಗು. ಅದೇ ಮುಂದೆ ‘ಹುಯ್ಯಲು’ ಆಗಿ, ಯುದ್ಧ ಎಂಬ ಅರ್ಥವನ್ನೂ ಹೊತ್ತುಕೊಂಡಿತು. ಕೂಗು ಕೇಳಿದರೆ ಕತ್ತಿ ಹಿರಿದು ಹೊರಡಬೇಕು. ಕೂಗಿಗೂ ಕಾಳಗಕ್ಕೂ ನಡುವೆ ಪುರುಸೊತ್ತಿಲ್ಲ. ಈಗ ಉಳಿದಿರುವುದು ‘ಹುಯಿಲೆಬ್ಬಿಸು’ ಮಾತ್ರ, ಅದೂ ಸುಮ್ಮನೆ ಗದ್ದಲ ಮಾಡುವವರನ್ನು ಆಡಿಕೊಳ್ಳುವುದಕ್ಕೆ. ‘ಎಚ್ಚರಿಕೆ’ ಇದಕ್ಕಿಂತ ಮೆತ್ತಗಿನ ಪದ. ಕಣ್ಣು ಬಿಟ್ಟಿರು ಎನ್ನುತ್ತದೆ, ಏನು ಮಾಡಬೇಕೆಂದು ಹೇಳುವುದಿಲ್ಲ. ಇಂದಿನ ಇಂಜಿನಿಯರುಗಳ ವ್ಯಾಖ್ಯೆ ಆ ಇಟಲಿಯ ಕಾವಲುಗಾರನದೇ: ಯಾರಾದರೂ ಎದ್ದು ಏನಾದರೂ ಮಾಡಬೇಕಾದದ್ದಕ್ಕೆ ಮಾತ್ರ ಅಲಾರಂ ಎನ್ನಬೇಕು, ಉಳಿದದ್ದೆಲ್ಲ ದಾಖಲೆ ಪುಸ್ತಕಕ್ಕೆ. ಹಾಗಾಗಿ ನನ್ನ ಅನುವಾದಗಳಲ್ಲಿ ವಾರ್ನಿಂಗ್ ಬಂದಲ್ಲಿ ‘ಎಚ್ಚರಿಕೆ’. ಅಲಾರಂ ಅಲಾರಮ್ಮಾಗಿಯೇ ಉಳಿಯುತ್ತದೆ. ಫಾಲ್ಟ್‌ಗೆ ‘ದೋಷ’ ಎಂದು ಬರೆಯುವಾಗ ಮಾತ್ರ ಕೈ ಸ್ವಲ್ಪ ಹಿಂಜರಿಯುತ್ತದೆ. ಮೋಡೆಮ್‌ಗೆ ಕುಜದೋಷ ಬಂದ ಹಾಗೆ ಕೇಳಿಸುತ್ತದೆ.

ವಿದ್ಯುತ್ ಅಲಾರಂಗಳ ಚರಿತ್ರೆ ಉಪಗ್ರಹಗಳಿಗಿಂತ ನೂರು ವರ್ಷ ಹಳೆಯದು. 1852ರಲ್ಲಿ ಬಾಸ್ಟನ್ ನಗರದಲ್ಲಿ ಟೆಲಿಗ್ರಾಫ್ ತಂತಿಯ ಬೆಂಕಿ ಅಲಾರಂ ಶುರುವಾಯಿತು. ವಿಲಿಯಂ ಚಾನಿಂಗ್, ಮೋಸಸ್ ಫಾರ್ಮರ್ ಎಂಬಿಬ್ಬರ ಕೆಲಸ ಅದು. ಅದಕ್ಕೆ ಮುಂಚೆ ಚರ್ಚಿನ ಗಂಟೆ ಬಾರಿಸುತ್ತಿದ್ದರು. ಬೆಂಕಿ ಬಿದ್ದಿದೆ ಎಂದು ಗೊತ್ತಾಗುತ್ತಿತ್ತು. ಎಲ್ಲಿ ಎಂಬುದು ಹೊಗೆ ನೋಡಿ ಹುಡುಕುವ ಪಾಡು. ಹೊಸ ಪೆಟ್ಟಿಗೆಯ ಹಿಡಿ ತಿರುಗಿಸಿದರೆ ಅದರ ನಂಬರ್ ತಂತಿಯಲ್ಲಿ ಕೇಂದ್ರಕ್ಕೆ ಹೋಗುತ್ತಿತ್ತು.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ರೈಲ್ವೆಯದು. 1872ರಲ್ಲಿ ವಿಲಿಯಂ ರಾಬಿನ್ಸನ್ ಎಂಬ ಅಮೆರಿಕನ್ ಹಳಿಗಳ ಮೂಲಕವೇ ಸಣ್ಣ ಕರೆಂಟ್ ಹರಿಸುವ ಏರ್ಪಾಡಿಗೆ ಪೇಟೆಂಟ್ ಪಡೆದ. ಹಳಿಯ ಒಂದು ತುದಿಯಲ್ಲಿ ಬ್ಯಾಟರಿ, ಇನ್ನೊಂದು ತುದಿಯಲ್ಲಿ ರಿಲೇ. ಕರೆಂಟ್ ಹರಿಯುತ್ತಿರುವಷ್ಟು ಹೊತ್ತು ರಿಲೇ ಎತ್ತಿ ಹಿಡಿದಿರುತ್ತದೆ, ಸಿಗ್ನಲ್ ‘ದಾರಿ ಖಾಲಿ’ ಎನ್ನುತ್ತದೆ. ರೈಲು ಬಂದರೆ ಅದರ ಗಾಲಿ ಮತ್ತು ಅಚ್ಚಿನ ಮೂಲಕ ಕರೆಂಟ್ ಅಡ್ಡದಾರಿ ಹಿಡಿಯುತ್ತದೆ, ರಿಲೇ ಬೀಳುತ್ತದೆ, ಸಿಗ್ನಲ್ ಕೆಂಪು. ಇದರ ಜಾಣತನ ರೈಲು ಬಂದಾಗಿನದಲ್ಲ. ತಂತಿ ಹರಿದರೂ ಕೆಂಪು, ಬ್ಯಾಟರಿ ಸತ್ತರೂ ಕೆಂಪು, ಹಳಿ ಮುರಿದು ಕರೆಂಟ್ ನಿಂತರೂ ಕೆಂಪು. ಕಾವಲುಗಾರ ಸತ್ತರೆ ಆ ಸಾವೇ ಕೂಗಾಗುತ್ತದೆ.

ಇವತ್ತಿನ ಸ್ಯಾಟಲೈಟ್ ಮೋಡೆಮ್‌ನ ಬೆನ್ನಿಗೆ ಕೈ ಹಾಕಿದರೆ ರಾಬಿನ್ಸನ್ನನ ಆ ರಿಲೇಯ ಮೊಮ್ಮಗ ಸಿಗುತ್ತಾನೆ. ಕಳಿಸುವ ದಿಕ್ಕಿಗೆ ಒಂದು, ಬರುವ ದಿಕ್ಕಿಗೆ ಒಂದು, ಯಂತ್ರಕ್ಕೇ ಒಂದು ಎಂದು ಅಲಾರಂ ರಿಲೇಗಳು. ಎಲ್ಲ ಸರಿಯಿದ್ದಾಗ ಅವುಗಳಿಗೆ ಕರೆಂಟ್ ಕೊಟ್ಟು ಹಿಡಿದಿರುತ್ತಾರೆ. ದೋಷ ಕಂಡರೆ ಬಿಡುತ್ತಾರೆ. ಮೋಡೆಮ್‌ಗೇ ಪವರ್ ಹೋದರೂ ರಿಲೇ ಬೀಳುವುದರಿಂದ ಆಚೆ ಕೋಣೆಯ ದೀಪ ಹೊತ್ತಿಕೊಳ್ಳುತ್ತದೆ. ಗ್ಯಾಲಕ್ಸಿ-4ರ ಪೇಜರ್‌ಗಳಲ್ಲಿ ಇಲ್ಲದ್ದು ಈ ಗುಣವೇ.

ಇಷ್ಟಕ್ಕೇ ಜಗಳ ಮುಗಿಯಬೇಕಿತ್ತು. ಮುಗಿಯಲಿಲ್ಲ, ಹಳಿಯ ಮೇಲೆ ರೈಲು ಇರುತ್ತದೆ ಅಥವಾ ಇರುವುದಿಲ್ಲ, ಆಕಾಶದಿಂದ ಬರುವ ಸಂಕೇತ ಹಾಗಲ್ಲ. ಅದು ಗದ್ದಲದ ಸಂತೆಯಲ್ಲಿ ಒಬ್ಬನ ಧ್ವನಿಯಂತೆ ಏರುತ್ತದೆ, ಇಳಿಯುತ್ತದೆ. ಗದ್ದಲಕ್ಕಿಂತ ಧ್ವನಿ ಎಷ್ಟು ಎದ್ದು ಕೇಳುತ್ತದೆ ಎಂಬುದನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. ಒಂದು ಡಿಷ್‌ನಲ್ಲಿ ಮೋಡವಿಲ್ಲದ ದಿನ 9 ಡೆಸಿಬೆಲ್ ಬರುತ್ತದೆ, 5ಕ್ಕಿಂತ ಕೆಳಗಿಳಿದರೆ ಸಂಪರ್ಕ ಕಡಿಯುತ್ತದೆ ಎಂದಿಟ್ಟುಕೊಳ್ಳಿ. ಅಲಾರಂ ಮಿತಿ ಎಲ್ಲಿಡುತ್ತೀರಿ? 8ಕ್ಕೆ ಇಟ್ಟರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈಯಲ್ಲಿ ಅದು ಬಾಯಿ ಮುಚ್ಚುವುದಿಲ್ಲ. 5ರ ಹತ್ತಿರ ಇಟ್ಟರೆ ಕಟ್ಟಿಗೆ ಒಟ್ಟಿದ ಮೇಲೆ ಡಾಕ್ಟರನ್ನು ಕರೆದಂತೆ. ನಡುವೆ ಆರೂವರೆಗೆ ಇಟ್ಟಿರೆನ್ನಿ. ಸಂಕೇತ ಆರೂವರೆಯ ಆಚೀಚೆ ತೂಗಾಡಿದರೆ ಗಂಟೆ ನಿಮಿಷಕ್ಕೆ ಹತ್ತು ಸಲ ಹೊಡೆದು ಹತ್ತು ಸಲ ನಿಲ್ಲುತ್ತದೆ. ಅದಕ್ಕಾಗಿ ಆರೂವರೆಗೆ ಕೂಗು, ಏಳೂವರೆಗೆ ಏರಿದ ಮೇಲೆ ಮಾತ್ರ ಸುಮ್ಮನಾಗು ಎಂದು ಎರಡು ಬೇರೆ ಮಿತಿಗಳನ್ನು ಕೊಡುತ್ತಾರೆ. ಜೊತೆಗೆ ಹತ್ತು ಸೆಕೆಂಡ್ ಕಾದು ನೋಡು ಎಂಬ ತಾಳ್ಮೆ. ತಾಳ್ಮೆ ಹೆಚ್ಚಾದರೆ ಎರಡು ಸೆಕೆಂಡ್ ಬಂದು ಮಾಯವಾಗುವ ದೋಷ, ಸಡಿಲಾದ ಕನೆಕ್ಟರಿನ ಮೊದಲ ಲಕ್ಷಣ, ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ಕೆಲವು ಅಲಾರಂಗಳಿಗೆ ದೋಷ ಹೋದರೂ, ಮನುಷ್ಯನೊಬ್ಬ ಬಂದು ಒತ್ತುವವರೆಗೆ ದೀಪ ಉರಿಯುತ್ತಲೇ ಇರಲಿ ಎಂಬ ಹಟವನ್ನೂ ಕಲಿಸುತ್ತಾರೆ.

ಸೂರ್ಯನ ಪಾತ್ರವೂ ಇದೆ. ನಮ್ಮ ಭಾಗದಲ್ಲಿ ಮಾರ್ಚ್ ಶುರುವಿನಲ್ಲಿ ಮತ್ತು ಅಕ್ಟೋಬರ್ ಹೊತ್ತಿಗೆ ಕೆಲವು ದಿನ, ದಿನಕ್ಕೆ ಕೆಲವೇ ನಿಮಿಷ, ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನಿಗೆ ಬಂದು ನಿಲ್ಲುತ್ತಾನೆ. ಡಿಷ್‌ಗೆ ಅವನ ಗದ್ದಲವೇ ಕೇಳಿಸುತ್ತದೆ, ಸಂಕೇತ ಮುಳುಗುತ್ತದೆ. ಕೇಬಲ್ ಟಿವಿಯಲ್ಲಿ ಮಟಮಟ ಮಧ್ಯಾಹ್ನ ಚಿತ್ರ ಚುಕ್ಕಿಚುಕ್ಕಿಯಾದದ್ದು ನೆನಪಿರಬಹುದು. ವೇಳೆ ಮೊದಲೇ ಲೆಕ್ಕ ಹಾಕಿ ಗೊತ್ತಿರುವುದರಿಂದ ಭೂಕೇಂದ್ರದವರು ಆ ಹೊತ್ತಿಗೆ ಅಲಾರಮ್ಮಿಗೆ ಮಾಸ್ಕ್ ಹಾಕುತ್ತಾರೆ, ಅಂದರೆ ಬಾಯಿ ಕಟ್ಟುತ್ತಾರೆ. ಆಮೇಲೆ ಬಿಚ್ಚಬೇಕು. ಈ ಕೊನೆಯ ಎರಡು ಶಬ್ದದ ವಾಕ್ಯ ಕೈಪಿಡಿಗಳಲ್ಲಿ ಸಾಕಷ್ಟು ದಪ್ಪಕ್ಷರದಲ್ಲಿರುವುದಿಲ್ಲ ಎಂಬುದು ನನ್ನ ತಕರಾರು.

ಮಾಸ್ಕಿನ ಕಥೆಗಳಲ್ಲಿ ನನಗೆ ಅತ್ಯಂತ ಭಯ ಹುಟ್ಟಿಸಿದ್ದು ಯಾರೂ ಕೈಯಾರೆ ಹಾಕದ ಮಾಸ್ಕ್. ಅದು ಸಂಪರ್ಕ ಉಪಗ್ರಹದ್ದಲ್ಲ, ಚಂದ್ರನ ಕಡೆ ಹೊರಟಿದ್ದ ಅಪೊಲೊ-13ರದ್ದು. 1970ರ ಏಪ್ರಿಲ್‌ನಲ್ಲಿ ಆ ನೌಕೆಯ ಎರಡನೆಯ ಆಮ್ಲಜನಕ ತೊಟ್ಟಿ ಒಡೆಯುವ ಮುನ್ನ, ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಅದರ ಒತ್ತಡ ಏರುತ್ತಿತ್ತು. ಮಿತಿ ಮೀರಿದರೆ ಗಂಟೆ ಬಾರಿಸುವ ವ್ಯವಸ್ಥೆ ಇತ್ತು. ಬಾರಿಸಲಿಲ್ಲ. ಆಮ್ಲಜನಕದ ತೊಟ್ಟಿಗಳಿಗೂ ಜಲಜನಕದ ತೊಟ್ಟಿಗಳಿಗೂ ಒಂದೇ ಅಲಾರಂ ಕೊಟ್ಟಿದ್ದರು. ಜಲಜನಕದ ಒತ್ತಡ ಸ್ವಲ್ಪ ಕಡಿಮೆಯಾಗಿದ್ದಕ್ಕೆ ಆ ಅಲಾರಂ ಆಗಲೇ ಎದ್ದು ಕುಳಿತಿತ್ತು; ಅದು ಇಳಿಯುವವರೆಗೆ ಅದೇ ಗುಂಪಿನ ಎರಡನೆಯ ದೋಷಕ್ಕೆ ಹೊಸ ಗಂಟೆ ಇಲ್ಲ. ಸಣ್ಣ ದೂರು ದೊಡ್ಡ ದೂರಿನ ಬಾಯಿ ಮುಚ್ಚಿತು. ಗಂಟೆ ಬಾರಿಸಿದ್ದರೆ ತೊಟ್ಟಿ ಉಳಿಯುತ್ತಿತ್ತು ಎಂದು ಹೇಳಲಾಗದು. ಆದರೆ ಹತ್ತು ದೋಷಗಳನ್ನು ಒಂದೇ ದೀಪಕ್ಕೆ ಜೋಡಿಸುವ ‘ಸಮ್ಮರಿ ಅಲಾರಂ’ ಇಂದಿಗೂ ಭೂಕೇಂದ್ರಗಳಲ್ಲಿ ಸಾಮಾನ್ಯ. ತಂತಿ ಉಳಿಯುತ್ತದೆ, ಅಷ್ಟೇ ಮಾಹಿತಿಯೂ ಸೋರುತ್ತದೆ.

ಅದರ ಬದಲು ಎಲ್ಲವನ್ನೂ ಬೇರೆಬೇರೆಯಾಗಿ ಕೂಗಲು ಬಿಟ್ಟರೆ? 1994ರಲ್ಲಿ ಬ್ರಿಟನ್ನಿನ ಮಿಲ್‌ಫರ್ಡ್ ಹೇವನ್‌ನ ತೈಲ ಶುದ್ಧೀಕರಣ ಘಟಕದಲ್ಲಿ ಸ್ಫೋಟವಾಯಿತು. ಅದಕ್ಕೆ ಮುನ್ನಿನ ಸುಮಾರು 11 ನಿಮಿಷಗಳಲ್ಲಿ ಇಬ್ಬರು ಆಪರೇಟರುಗಳ ಮುಂದೆ 275 ಅಲಾರಂಗಳು ಬಂದವು ಎಂದು ತನಿಖೆ ದಾಖಲಿಸಿತು. ಎರಡೂವರೆ ಸೆಕೆಂಡಿಗೆ ಒಂದು. ಓದುವುದಕ್ಕೂ ಸಮಯವಿಲ್ಲ. ಮುಂದೆ 1999ರಲ್ಲಿ ಬ್ರಿಟನ್ನಿನ ಉದ್ಯಮ ಸಂಘಟನೆಯೊಂದು ಹೊರತಂದ ಮಾರ್ಗದರ್ಶಿ, ಒಬ್ಬ ಮನುಷ್ಯನಿಗೆ ಮಾಮೂಲಿ ದಿನ ಸರಾಸರಿ ಹತ್ತು ನಿಮಿಷಕ್ಕೊಂದು ಅಲಾರಂ ಸಾಕು ಎಂದಿತು. ಉಪಗ್ರಹ ಸಂಪರ್ಕದಲ್ಲೂ ಇದೇ ಪ್ರವಾಹ ಬರುತ್ತದೆ. 1994ರಲ್ಲಿ ಮುಂಬೈಯ ಎನ್‌ಎಸ್‌ಇ ಶುರುವಾದಾಗ ಬ್ರೋಕರುಗಳ ಮಾಳಿಗೆಗಳ ಮೇಲೆ ವಿಸ್ಯಾಟ್ ಡಿಷ್‌ಗಳು ಎದ್ದವಲ್ಲ, ಅಂಥ ಜಾಲದಲ್ಲಿ ಕೇಂದ್ರದ ಒಂದು ಆಂಪ್ಲಿಫೈಯರ್ ಕೆಟ್ಟರೆ ಊರೂರಿನ ಪ್ರತಿ ಡಿಷ್ಷೂ ‘ನನಗೆ ಸಂಕೇತ ಬರುತ್ತಿಲ್ಲ’ ಎಂದು ಹುಯಿಲೆಬ್ಬಿಸುತ್ತದೆ. ಕೆಟ್ಟದ್ದು ಒಂದು, ಕೂಗುವವರು ಸಾವಿರ. ಮೂಲ ಯಾವುದು, ಬಾಲ ಯಾವುದು ಎಂದು ಯಂತ್ರಕ್ಕೆ ಮೊದಲೇ ಹೇಳಿಕೊಟ್ಟಿರದಿದ್ದರೆ ರಾತ್ರಿ ಪಾಳಿಯ ಹುಡುಗ ಏನು ಮಾಡಬೇಕು?

ಅಲಾರಂಗಳಿಗೆ ಅಂತಸ್ತು ಕೊಡುವ ಕೆಲಸ ಇಲ್ಲಿಂದಲೇ ಬಂತು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಎಕ್ಸ್.733 ಎಂಬ 1992ರ ಶಿಫಾರಸು ಆರು ಪದಗಳನ್ನು ಕೊಡುತ್ತದೆ: ಕ್ರಿಟಿಕಲ್, ಮೇಜರ್, ಮೈನರ್, ವಾರ್ನಿಂಗ್, ಇಂಡಿಟರ್ಮಿನೇಟ್, ಕ್ಲಿಯರ್ಡ್. ಐದನೆಯದು ‘ಎಷ್ಟು ಗಂಭೀರ ಅಂತ ಗೊತ್ತಿಲ್ಲ’ ಎನ್ನುವ ಪ್ರಾಮಾಣಿಕ ದರ್ಜೆ, ಆರನೆಯದು ‘ಹೋಯಿತು’ ಎಂಬ ಸಮಾಚಾರ. ಮೊದಲ ಮೂರರ ವ್ಯಾಖ್ಯೆ ಓದುವಾಗ ನಾನು ಪೆನ್ನು ಕೆಳಗಿಟ್ಟೆ. ಅಲ್ಲಿ ಅಳತೆಗೋಲು ಯಂತ್ರ ಎಷ್ಟು ಕೆಟ್ಟಿದೆ ಎಂಬುದಲ್ಲ, ಸೇವೆಗೆ ಪೆಟ್ಟು ಬಿದ್ದಿದೆಯೇ ಎಂಬುದು. ಸೇವೆ ನಿಂತು ತಕ್ಷಣ ಕೈ ಹಾಕಬೇಕಾದದ್ದು ಕ್ರಿಟಿಕಲ್. ಸೇವೆಗೆ ಏನೂ ಆಗದೆ, ಮುಂದೆ ದೊಡ್ಡದಾಗದಂತೆ ತಿದ್ದಬೇಕಾದ ದೋಷ ಮೈನರ್. ಈ ಅಳತೆಗೋಲಿನಲ್ಲಿ ಪಕ್ಕದಲ್ಲಿ ಸುಮ್ಮನೆ ಕುಳಿತ ಬದಲಿ ಯಂತ್ರ ಸತ್ತರೆ ಅದು ಮೈನರ್. ಹಳದಿ ದೀಪ, ಬೆಳಿಗ್ಗೆ ನೋಡಿದರಾಯಿತು. ಲೆಕ್ಕಕ್ಕೆ ಸರಿ. ಆದರೆ ಆ ಕ್ಷಣದಿಂದ ನೀವು ಸ್ಟೆಪ್ನಿ ಇಲ್ಲದೆ ಘಾಟಿ ಇಳಿಯುತ್ತಿದ್ದೀರಿ. ಕೆಲವು ಭೂಕೇಂದ್ರಗಳಲ್ಲಿ ಮುಖ್ಯ ಯಂತ್ರ ಚೆನ್ನಾಗಿರುವಾಗಲೇ ಆಗಾಗ ಬದಲಿಗೆ ಕೆಲಸ ಒಪ್ಪಿಸಿ ನೋಡುವ ರೂಢಿಯಿದೆ. ಮಾಡುವವರಿಗೆ ಎದೆ ಡವಡವ, ಅಧಿಕಾರಿಗಳಿಗೆ ಕಿರಿಕಿರಿ. ನನ್ನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಅಲಾರಂ ಇಲ್ಲ.

ಭಾರತದ ಮಟ್ಟಿಗೆ ಈ ಪಾಠ ಶುರುವಾದದ್ದು ನಮ್ಮ ಹಾಸನದಲ್ಲಿ. ಇನ್ಸಾಟ್ ಉಪಗ್ರಹಗಳನ್ನು ನೋಡಿಕೊಳ್ಳುವ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಅಲ್ಲಿ ಕೆಲಸ ಆರಂಭಿಸಿದ್ದು 1982ರಲ್ಲಿ. ಅದೇ ವರ್ಷ ಏಪ್ರಿಲ್ 10ರಂದು ಅಮೆರಿಕದಿಂದ ಇನ್ಸಾಟ್-1ಎ ಹಾರಿತು. ಕಟ್ಟಿದ್ದು ಫೋರ್ಡ್ ಏರೋಸ್ಪೇಸ್. ಮೊದಲ ದಿನದಿಂದಲೇ ತೊಂದರೆ. ಮಡಿಸಿಟ್ಟಿದ್ದ ಒಂದು ಆಂಟೆನಾ ಬಿಚ್ಚಿಕೊಳ್ಳಲಿಲ್ಲ, ಅದನ್ನು ಬಿಡಿಸಲು ದಿನಗಳೇ ಹಿಡಿದವು. ಸೌರಫಲಕ ಒಂದೇ ಬದಿಯಲ್ಲಿದ್ದ ವಿನ್ಯಾಸ ಅದು. ಬಿಸಿಲಿನ ಒತ್ತಡಕ್ಕೆ ಉಪಗ್ರಹ ವಾಲದಂತೆ ಇನ್ನೊಂದು ಬದಿಯಲ್ಲಿ ಹಾಯಿಯೊಂದು ತೆರೆದುಕೊಳ್ಳಬೇಕಿತ್ತು. ಅದು ತೆರೆಯಲೇ ಇಲ್ಲ. ಹಾಯಿ ಮಾಡಬೇಕಾದ ಕೆಲಸವನ್ನು ಇಂಧನ ಸುಟ್ಟು ಮಾಡಬೇಕಾಯಿತು. ಹೀಗೆ ಕುಂಟುತ್ತಲೇ ಆಗಸ್ಟ್ 15ರ ಹೊತ್ತಿಗೆ ಅದು ದೂರದರ್ಶನದ ರಾಷ್ಟ್ರೀಯ ಕಾರ್ಯಕ್ರಮವನ್ನು ದೇಶಕ್ಕೆ ಹಂಚಿತು.

ಸೆಪ್ಟೆಂಬರ್ ಮೊದಲ ವಾರದಲ್ಲಿ ಬಂದದ್ದು ಚಂದ್ರ. ಉಪಗ್ರಹಕ್ಕೆ ಭೂಮಿ ಎಲ್ಲಿದೆ ಎಂದು ಹೇಳುವ ಸಂವೇದಕವಿರುತ್ತದೆ, ಅದು ಕಂಡದ್ದನ್ನು ನಂಬಿ ಉಪಗ್ರಹ ಮುಖ ತಿರುಗಿಸುತ್ತದೆ. ಆ ಸಂವೇದಕದ ನೋಟದೊಳಗೆ ಚಂದ್ರ ಹಣಕಿದ. ಯಾರೂ ಇದನ್ನು ಎಣಿಸಿರಲಿಲ್ಲ. ಉಪಗ್ರಹ ಭೂಮಿಯ ಗುರಿ ಕಳೆದುಕೊಂಡಿತು. ಅದನ್ನು ಮತ್ತೆ ಹತೋಟಿಗೆ ತರಲಾಗಲಿಲ್ಲ. ಭಂಗಿ ತಿದ್ದುವ ಇಂಧನ ಬರಿದಾಯಿತು. ಸೆಪ್ಟೆಂಬರ್ 6ರಂದು ಇನ್ಸಾಟ್-1ಎ ಕೈಬಿಟ್ಟರು. ಐದೇ ತಿಂಗಳು ಬದುಕಿದ್ದು. ನವೆಂಬರ್‌ನಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟ ಶುರುವಾದಾಗ ಅದು ಇರಲಿಲ್ಲ. ಚಂದ್ರ ಯಾವ ದಿನ ಆಕಾಶದ ಯಾವ ಮನೆಯಲ್ಲಿರುತ್ತಾನೆ ಎಂಬುದು ವರ್ಷ ಮೊದಲೇ ಪಂಚಾಂಗದಲ್ಲಿ ಅಚ್ಚಾಗಿರುತ್ತದೆ ಎಂಬುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಮಿತಿ, ಮಾಸ್ಕ್, ತಾಳ್ಮೆ ಎಲ್ಲವನ್ನೂ ಸರಿಯಾಗಿ ಹೊಂದಿಸಬಹುದು. ಕಣ್ಣೇ ಚಂದ್ರನನ್ನು ಭೂಮಿಯೆಂದು ಹೇಳಿದರೆ ಅಲಾರಂ ಏನು ಮಾಡೀತು? ಅದರ ಮುಂದಿನ ಇನ್ಸಾಟ್-1ಬಿ 1983ರ ಆಗಸ್ಟ್ 30ರಂದು ಚಾಲೆಂಜರ್ ನೌಕೆಯಲ್ಲಿ ಹೋಯಿತು. ಅದರ ಸೌರಫಲಕವೂ ಮೊದಲು ಹಟ ಹಿಡಿದು, ಎರಡು ವಾರ ಸತಾಯಿಸಿ ಬಿಚ್ಚಿಕೊಂಡಿತು. ಆಮೇಲೆ ಏಳು ವರ್ಷ ದುಡಿಯಿತು. ‘ರಾಮಾಯಣ’ ನೋಡಲು ಭಾನುವಾರ ಬೆಳಿಗ್ಗೆ ಟಿವಿ ಇದ್ದವರ ಮನೆಯಲ್ಲಿ ಊರೆಲ್ಲ ಸೇರುತ್ತಿದ್ದದ್ದು ಅದರ ಕಾಲದಲ್ಲೇ.

ಭೂಮಿಯ ಗುರಿ ತಪ್ಪಿದ್ದರಿಂದಲೇ ಬದುಕಿದ ಉಪಗ್ರಹವೂ ಒಂದಿದೆ. 2010ರ ಏಪ್ರಿಲ್ 5ರಂದು ಇಂಟೆಲ್‌ಸ್ಯಾಟ್ ಕಂಪನಿಯ ಗ್ಯಾಲಕ್ಸಿ-15 ನೆಲದಿಂದ ಹೋದ ಆದೇಶಗಳಿಗೆ ಓಗೊಡುವುದನ್ನು ನಿಲ್ಲಿಸಿತು. ಆದರೆ ಅದರ ಪ್ರಸಾರ ಯಂತ್ರಗಳು ಎಂದಿನಂತೆ ಉರಿಯುತ್ತಿದ್ದವು. ಕೆಳಗಿನ ಯಾವುದೇ ಮೋಡೆಮ್‌ನ ಕಣ್ಣಿನಲ್ಲಿ ಸಂಕೇತ ಇದೆ, ಬಲ ಸರಿಯಾಗಿದೆ, ಎಲ್ಲ ಹಸಿರು. ಹಿಡಿಯುವವರಿಲ್ಲದೆ ಅದು ತನ್ನ ಜಾಗ ಬಿಟ್ಟು ತೇಲತೊಡಗಿತು, ದಾರಿಯಲ್ಲಿ ಸಿಕ್ಕ ಬೇರೆ ಉಪಗ್ರಹಗಳ ಪ್ರಸಾರಕ್ಕೆ ಅಡ್ಡ ಬರುವ ಭೀತಿ ಹುಟ್ಟಿಸಿತು. ಪತ್ರಿಕೆಗಳು ಅದಕ್ಕೆ ‘ಜಾಂಬಿ’ ಎಂದು ಹೆಸರಿಟ್ಟವು. ಎಂಟು ತಿಂಗಳು ಹೀಗೆ ಕಳೆದ ಮೇಲೆ ಡಿಸೆಂಬರ್‌ನಲ್ಲಿ ಅದು ಭೂಮಿಯ ಗುರಿ ತಪ್ಪಿತು. ಮುಖ ತಿರುಗಿದ್ದರಿಂದ ಸೌರಫಲಕಕ್ಕೆ ಬಿಸಿಲು ಸಾಲಲಿಲ್ಲ, ಬ್ಯಾಟರಿ ಪೂರ್ತಿ ಖಾಲಿಯಾಯಿತು, ಕಂಪ್ಯೂಟರ್ ಆರಿತು. ಮತ್ತೆ ಕರೆಂಟ್ ಬಂದಾಗ ಎಲ್ಲ ಹೊಸದಾಗಿ ಶುರುವಾಗಿ, ಡಿಸೆಂಬರ್ 23ರಂದು ನೆಲದಿಂದ ಹೋದ ಆದೇಶಕ್ಕೆ ಗ್ಯಾಲಕ್ಸಿ-15 ಉತ್ತರಿಸಿತು.